ಬೆನ್ನಿನ ನರದ ಸಿಸ್ಟ್ ನೋಯುತ್ತಿದ್ದರೆ: ಚಿಕಿತ್ಸೆ ಬೇಕಾ, ಯಾವುದು, ಯಾವಾಗ?

"ಎಂಆರ್‌ಐ ರಿಪೋರ್ಟಿನಲ್ಲಿ ಟಾರ್ಲೋವ್ ಸಿಸ್ಟ್ ಅಂತ ಬರೆದಿದ್ದಾರೆ. ಆಪರೇಷನ್ ಮಾಡಿಸಬೇಕಾ, ಬಿಡಬೇಕಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಒಬ್ಬ ಡಾಕ್ಟರು ಇದರಿಂದ ನೋವೇ ಬರಲ್ಲ ಅಂತಾರೆ, ಇನ್ನೊಬ್ಬರು ಇದೇ ಕಾರಣ ಅಂತಾರೆ. ಯಾರನ್ನು ನಂಬೋದು?"

ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಈ ಸಿಸ್ಟ್‌ಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಕೆಲವು ಮಾತ್ರ ನೆಟ್ಟಗೆ ಕುಳಿತುಕೊಳ್ಳಲೂ ಬಿಡದಷ್ಟು ನೋಯಿಸುತ್ತವೆ. ಹಾಗಾಗಿ ಮೊದಲು ತಿಳಿಯಬೇಕಾದ್ದು ಒಂದೇ: ನನ್ನ ಈ ನೋವು ಈ ಸಿಸ್ಟ್‌ನಿಂದಲೇ ಬರುತ್ತಿದೆಯಾ? ಇದಕ್ಕೆ ಒಂದು ಮಟ್ಟದ ಉತ್ತರ ಸಿಗುವ ತನಕ ಆಪರೇಷನ್ ದಿನಾಂಕದ ಮಾತು ಬೇಡ. ಕೆಳಗಿನ ಹಂತಗಳು ಆ ಉತ್ತರ ಹುಡುಕುವುದಕ್ಕೆ, ಆಮೇಲೆ ಚಿಕಿತ್ಸೆ ಆರಿಸುವುದಕ್ಕೆ. ಇದು ಡಾಕ್ಟರ ಸಲಹೆಯ ಬದಲಿಗೆ ಅಲ್ಲ. ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂದು ನಿಮಗೆ ಗೊತ್ತಿರಲಿ ಎಂಬುದಕ್ಕೆ.

ಈ ಸಿಸ್ಟ್ ಅಂದರೆ ಏನು?

ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ನೀರಿನಂಥ ತಿಳಿಯಾದ ದ್ರವ ಇರುತ್ತದೆ. ಬೆನ್ನುಹುರಿಯಿಂದ ಹೊರಡುವ ಪ್ರತಿ ನರದ ಬುಡಕ್ಕೂ, ಅಂದರೆ ನರಬೇರಿಗೂ, ತೆಳುವಾದ ಹೊದಿಕೆ ಇದೆ. ಆ ಹೊದಿಕೆಯೊಳಗೆ ದ್ರವ ಸೇರಿ ಉಬ್ಬಿದರೆ ಟಾರ್ಲೋವ್ ಸಿಸ್ಟ್ ಆಗುತ್ತದೆ. 1938ರಲ್ಲಿ ಇದನ್ನು ಮೊದಲು ವಿವರಿಸಿದವರು ಇಸಡೋರ್ ಟಾರ್ಲೋವ್ ಎಂಬ ನರಶಸ್ತ್ರವೈದ್ಯರು. ಅವರ ಹೆಸರೇ ಉಳಿಯಿತು.

ಇವು ಜಾಸ್ತಿ ಕಾಣುವುದು ತ್ರಿಕಾಸ್ಥಿಯಲ್ಲಿ. ಬೆನ್ನೆಲುಬಿನ ಕೆಳಭಾಗದಲ್ಲಿ, ಬಾಲಮೂಳೆಯ ಮೇಲೆ ಇರುವ ತ್ರಿಕೋನಾಕಾರದ ಮೂಳೆ ಅದು. ಅಲ್ಲಿನ ಎರಡನೇ ಮತ್ತು ಮೂರನೇ ನರಗಳು ಇವುಗಳ ಮಾಮೂಲಿ ಜಾಗ. ರಿಪೋರ್ಟಿನಲ್ಲಿ ಎಸ್2, ಎಸ್3 ಎಂದು ಬರೆಯುವುದು ಇವನ್ನೇ. ಗಂಡಸರಿಗಿಂತ ಹೆಂಗಸರಲ್ಲಿ ತೊಂದರೆ ಕೊಡುವುದು ಹೆಚ್ಚು.

ಕೆಲವು ಸಿಸ್ಟ್‌ಗಳ ಬಾಯಿ ಸೈಕಲ್ ಟ್ಯೂಬಿನ ವಾಲ್ವ್‌ನಂತೆ ಕೆಲಸ ಮಾಡುತ್ತದೆ. ದ್ರವ ಒಳಗೆ ಹೋಗುತ್ತದೆ, ಸುಲಭವಾಗಿ ಹೊರಗೆ ಬರುವುದಿಲ್ಲ. ಕೂತಾಗ, ನಿಂತಾಗ, ಕೆಮ್ಮಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ಕೆಳಗಿನ ಒತ್ತಡ ಏರುತ್ತದೆ. ಚೀಲ ಬಿಗಿಯುತ್ತದೆ, ನರ ಹಿಗ್ಗುತ್ತದೆ, ಪಕ್ಕದ ಮೂಳೆಯೂ ನಿಧಾನಕ್ಕೆ ಸವೆಯಬಹುದು.

ಇನ್ನೊಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ಚೀಲದ ಗೋಡೆಯಲ್ಲೋ ಒಳಗೋ ನರದ ಎಳೆಗಳೇ ಓಡುತ್ತಿರುತ್ತವೆ. "ಗಡ್ಡೆ ಇದೆ ಅಲ್ವಾ, ಕತ್ತರಿಸಿ ತೆಗೆದುಬಿಡಿ" ಎನ್ನುವ ಹಾಗಿಲ್ಲ. ಇದು ಕ್ಯಾನ್ಸರ್ ಅಲ್ಲ. ಆದರೆ ಕತ್ತರಿಸಿದರೆ ನರವೂ ಹೋಗುತ್ತದೆ. ಚಿಕಿತ್ಸೆಯ ಎಲ್ಲ ಕಷ್ಟವೂ ಇಲ್ಲಿಂದಲೇ ಶುರು.

1. ಕಾಯಬಾರದ ಲಕ್ಷಣ ಇದೆಯಾ ನೋಡಿ

ಕೆಳಗಿನವುಗಳಲ್ಲಿ ಯಾವುದಾದರೂ ಹೊಸದಾಗಿ ಬಂದರೆ ಈ ಲೇಖನ ಪಕ್ಕಕ್ಕಿಡಿ, ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.

- ಮೂತ್ರ ಬರದೆ ಕಟ್ಟಿಕೊಳ್ಳುವುದು, ಅಥವಾ ಗೊತ್ತಾಗದೆ ಹೋಗಿಬಿಡುವುದು
- ಮಲದ ಮೇಲೆ ಹಿಡಿತ ತಪ್ಪುವುದು
- ತೊಡೆಸಂದು, ಗುಪ್ತಾಂಗ, ಗುದದ್ವಾರದ ಸುತ್ತ ಮರಗಟ್ಟುವುದು
- ಕಾಲಿನ ಬಲ ದಿನದಿಂದ ದಿನಕ್ಕೆ ಕಮ್ಮಿಯಾಗುವುದು
- ಬೆನ್ನುನೋವಿನ ಜೊತೆ ಜ್ವರ

ಇವು ಬೆನ್ನಿನ ಕೆಳಗಿನ ನರಗಳ ಗೊಂಚಲು ಒತ್ತಿಹೋಗುತ್ತಿರುವ ಅಥವಾ ಸೋಂಕಿನ ಸೂಚನೆ ಇರಬಹುದು. ಸಿಸ್ಟ್ ಇದ್ದರೂ ಕಾರಣ ಜಾರಿದ ಡಿಸ್ಕ್ ಆಗಿರಬಹುದು. ಯಾವುದಾದರೂ ಸರಿ, ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದ ವಿಷಯ.

ಇಂಥದ್ದೇನೂ ಇಲ್ಲ ಎಂದರೆ ಗಾಬರಿ ಬೇಡ. ಈ ಸಿಸ್ಟ್‌ಗಳು ಬದಲಾಗುವುದು ಸಾಮಾನ್ಯವಾಗಿ ನಿಧಾನಕ್ಕೆ. ಯೋಚಿಸಲು ನಿಮಗೆ ಸಮಯ ಇದೆ.

2. ನಿಮ್ಮ ಸಿಸ್ಟ್‌ನ ಪೂರ್ತಿ ವಿವರ ಪಡೆಯಿರಿ

ರಿಪೋರ್ಟಿನ ಹಾಳೆ ಸಾಲದು. ಸ್ಕ್ಯಾನ್ ಚಿತ್ರಗಳಿರುವ ಸಿಡಿ ಅಥವಾ ಫೈಲ್ ಕೇಳಿ ಇಟ್ಟುಕೊಳ್ಳಿ. ಮುಂದೆ ಯಾವ ಡಾಕ್ಟರ ಬಳಿ ಹೋದರೂ ಅವರು ನೋಡಬೇಕಾದ್ದು ಚಿತ್ರವನ್ನೇ.

ಮೊದಲು, ಇದು ಯಾವ ಬಗೆಯ ಸಿಸ್ಟ್? ಬೆನ್ನೆಲುಬಿನಲ್ಲಿ ಬೇರೆ ಸಿಸ್ಟ್‌ಗಳೂ ಬರುತ್ತವೆ, ದಾರಿಯೂ ಬೇರೆ. ಉದಾಹರಣೆಗೆ ಸೈನೋವಿಯಲ್ ಸಿಸ್ಟ್. ಇದು ಬೆನ್ನೆಲುಬಿನ ಸವೆದ ಕೀಲಿನಿಂದ ಹೊರಚಾಚುವ ಚೀಲ, ವಯಸ್ಸಾದವರಲ್ಲಿ, ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆ ಹೆಚ್ಚು. ಇದರ ಗೋಡೆಯಲ್ಲಿ ನರದ ಎಳೆ ಇರುವುದಿಲ್ಲ, ಹಾಗಾಗಿ ತೆಗೆಯಬಹುದು. ಕೆಲವೊಮ್ಮೆ ತಾನಾಗಿಯೇ ಕುಗ್ಗುತ್ತದೆ ಕೂಡ. ಅರಾಕ್ನಾಯ್ಡ್ ಸಿಸ್ಟ್ ಎಂಬುದು ಮತ್ತೊಂದು, ಬೆನ್ನುಹುರಿಯ ಪೊರೆಯ ಚೀಲ. ಪಕ್ಕದ ಮನೆಯವರಿಗೆ "ಬೆನ್ನಿನ ಸಿಸ್ಟ್" ತೆಗೆದ ಮೇಲೆ ವಾಸಿಯಾಯಿತು ಎಂದರೆ ಅದು ನಿಮ್ಮದೇ ಬಗೆಯದು ಎಂದುಕೊಳ್ಳಬೇಡಿ.

ಎರಡನೆಯದು, ಸ್ಕ್ಯಾನ್ ಪೂರ್ತಿ ಇದೆಯಾ? ಸೊಂಟದ ಮಾಮೂಲಿ ಎಂಆರ್‌ಐನಲ್ಲಿ ಅಡ್ಡಸೀಳಿನ ಚಿತ್ರಗಳು ತ್ರಿಕಾಸ್ಥಿ ಶುರುವಾಗುವಲ್ಲೇ ನಿಲ್ಲುವುದುಂಟು. ಸಿಸ್ಟ್ ಇರುವುದು ಅದಕ್ಕಿಂತ ಕೆಳಗೆ. ನೋವು ಬಾಲಮೂಳೆಯ ಸುತ್ತ ಇದ್ದರೆ "ತ್ರಿಕಾಸ್ಥಿಯ ಎಂಆರ್‌ಐ" ಬೇಕಾ ಎಂದು ಬಾಯಿಬಿಟ್ಟು ಕೇಳಿ.

ಮೂರನೆಯದು, ಎಷ್ಟು ಸಿಸ್ಟ್, ಯಾವ ನರದ ಮೇಲೆ, ಎಡಕ್ಕೋ ಬಲಕ್ಕೋ, ಎಷ್ಟು ದೊಡ್ಡದು, ಮೂಳೆ ಸವೆದಿದೆಯಾ? ಒಂದೂವರೆ ಸೆಂಟಿಮೀಟರ್‌ಗಿಂತ ದೊಡ್ಡವು ತೊಂದರೆ ಕೊಡುವ ಸಾಧ್ಯತೆ ಜಾಸ್ತಿ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಆದರೆ ಅಳತೆಯೊಂದೇ ನ್ಯಾಯಾಧೀಶ ಅಲ್ಲ. ಮೂರು ಸೆಂಟಿಮೀಟರ್ ಸಿಸ್ಟ್ ಇಟ್ಟುಕೊಂಡು ಏನೂ ಗೊತ್ತಾಗದೆ ಬದುಕುವವರಿದ್ದಾರೆ. ಚಿಕ್ಕದರಿಂದ ನರಳುವವರೂ ಇದ್ದಾರೆ.

ಇಲ್ಲಿ ಜನ ತಪ್ಪುವುದು ಒಂದು ಪದದಲ್ಲಿ. ರಿಪೋರ್ಟಿನಲ್ಲಿ "ಆಕಸ್ಮಿಕವಾಗಿ ಕಂಡದ್ದು" ಎಂದಿದ್ದರೆ, ಚಿತ್ರ ಓದಿದವರಿಗೆ ಅದು ಮುಖ್ಯ ಅನ್ನಿಸಲಿಲ್ಲ ಎಂದಷ್ಟೇ ಅರ್ಥ. ಅವರು ನಿಮ್ಮನ್ನು ಪರೀಕ್ಷೆ ಮಾಡಿರುವುದಿಲ್ಲ, ನಿಮ್ಮ ನೋವಿನ ಕಥೆ ಕೇಳಿರುವುದಿಲ್ಲ.

3. ನೋವಿನ ನಕ್ಷೆ ಬರೆಯಿರಿ

ಎಲ್ಲ ಹಂತಗಳಲ್ಲಿ ಇದೇ ದೊಡ್ಡದು, ಮತ್ತು ಇದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಮಾಡಲಾರರು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ಮೂರು ವಾರ ಬರೆಯಿರಿ.

ಎಲ್ಲಿ ನೋವು ಎಂದು ದೇಹದ ಚಿತ್ರದ ಮೇಲೆ ಗುರುತು ಹಾಕಿ. ಪ್ರತಿ ನರಕ್ಕೂ ಅದರದೇ ಜಾಗ ಇದೆ. ಎಸ್1 ನರದ ನೋವು ಮೀನಖಂಡದ ಹಿಂದಿನಿಂದ ಪಾದದ ಹೊರ ಅಂಚಿಗೆ ಇಳಿಯುತ್ತದೆ. ಎಸ್2ರದು ತೊಡೆಯ ಹಿಂಭಾಗಕ್ಕೆ. ಎಸ್3ರದು ಪೃಷ್ಠದ ಒಳಭಾಗಕ್ಕೆ, ತೊಡೆಸಂದಿಗೆ. ಅದಕ್ಕೂ ಕೆಳಗಿನವು ಗುದದ್ವಾರದ ಸುತ್ತ. ಮೂತ್ರಕೋಶ, ಕರುಳಿನ ಕೊನೆ, ಲೈಂಗಿಕ ಸಂವೇದನೆ ಎಲ್ಲದರ ನರಗಳೂ ಎಸ್2ರಿಂದ ಎಸ್4ರ ನಡುವೆ ಬರುತ್ತವೆ. ಸಿಸ್ಟ್ ಎಡಗಡೆಯ ಎಸ್2 ಮೇಲಿದ್ದು, ನೋವು ಬಲಗಾಲಿನ ಹೆಬ್ಬೆರಳಿನಲ್ಲಿ ಇದ್ದರೆ ಲೆಕ್ಕ ಹೊಂದುವುದಿಲ್ಲ. ಆಗ ಬೇರೆ ಕಾರಣ ಹುಡುಕಬೇಕು.

ಯಾವಾಗ ನೋವು ಎಂದೂ ಬರೆಯಿರಿ. ಎಷ್ಟು ನಿಮಿಷ ಕೂತರೆ ಶುರುವಾಗುತ್ತದೆ? ನಿಂತರೆ? ನಡೆದರೆ? ಕೆಮ್ಮಿದರೆ, ಸೀನಿದರೆ ಹೊಡೆತ ಬಿದ್ದಂತೆ ಆಗುತ್ತದಾ? ಅಡ್ಡ ಬಿದ್ದರೆ ಎಷ್ಟು ಹೊತ್ತಿಗೆ ಕಡಿಮೆಯಾಗುತ್ತದೆ? ಕೂತರೆ, ನಿಂತರೆ ಏರಿ, ಮಲಗಿದರೆ ಇಳಿಯುವ ನೋವು ಈ ಸಿಸ್ಟ್‌ಗೆ ಹೊಂದುತ್ತದೆ. ಮಲಗಿದರೂ ಬಿಡದೆ ರಾತ್ರಿಯಿಡೀ ಕೊರೆಯುವ ನೋವಾದರೆ, ಜೊತೆಗೆ ತೂಕವೂ ಇಳಿಯುತ್ತಿದ್ದರೆ, ಅದನ್ನು ಸಿಸ್ಟ್‌ನ ತಲೆಗೆ ಕಟ್ಟದೆ ಬೇಗ ತೋರಿಸಿ.

ನೋವಿನ ಬಗೆಯೂ ಮುಖ್ಯ. ಉರಿ, ಚುಚ್ಚು, ಕರೆಂಟ್ ಹೊಡೆದ ಹಾಗೆ, ಜುಮುಜುಮು, ಮರಗಟ್ಟುವಿಕೆ ಇವೆಲ್ಲ ನರದ ನೋವಿನ ಮಾತುಗಳು. "ತುಂಬಾ ನೋವು" ಎನ್ನುವುದಕ್ಕಿಂತ "ಹದಿನೈದು ನಿಮಿಷ ಕೂತರೆ ಎಡತೊಡೆಯ ಹಿಂದೆ ಉರಿ ಶುರು, ಮಲಗಿದರೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ" ಎಂದರೆ ಡಾಕ್ಟರಿಗೆ ಹತ್ತು ಪಟ್ಟು ಉಪಯೋಗ.

ಮುಜುಗರದ ವಿಷಯವನ್ನು ದಯವಿಟ್ಟು ಬಿಡಬೇಡಿ. ಮೂತ್ರ ಶುರುವಾಗಲು ಕಾಯಬೇಕಾಗುವುದು, ಪದೇ ಪದೇ ಹೋಗಬೇಕಾಗುವುದು, ಮಲಬದ್ಧತೆ, ಸಂಭೋಗದಲ್ಲಿ ನೋವು, ಸ್ಪರ್ಶ ಗೊತ್ತಾಗದಿರುವುದು, ಬಯಕೆ ಇಲ್ಲದೆಯೂ ಕಾಡುವ ಕೆರಳಿಕೆ ಎಲ್ಲವೂ ಈ ನರಗಳದೇ ಲಕ್ಷಣ ಆಗಿರಬಹುದು. ಎಷ್ಟೋ ಹೆಂಗಸರು ವರ್ಷಗಟ್ಟಲೆ ಇದನ್ನು ಯಾರಿಗೂ ಹೇಳದೆ ಸಹಿಸುತ್ತಾರೆ. ಹೇಳಿದಾಗ "ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿಬಿಡುತ್ತಾರೆ. ಇದು ನ್ಯಾಯ ಅಲ್ಲ. ಬಾಯಲ್ಲಿ ಹೇಳಲು ಆಗದಿದ್ದರೆ ಬರೆದ ಹಾಳೆಯನ್ನು ಕೈಗೆ ಕೊಡಿ. ಕಾರಣ ಹುಡುಕಲು ಈ ಲಕ್ಷಣಗಳು ಕಾಲುನೋವಿಗಿಂತ ಹೆಚ್ಚು ದಾರಿ ತೋರಿಸುವುದುಂಟು.

4. ಬೇರೆ ಕಾರಣಗಳನ್ನು ಒಂದೊಂದಾಗಿ ನೋಡಿಸಿ

ಇದೇ ಜಾಗದಲ್ಲಿ, ಇದೇ ಥರ ನೋಯಿಸುವ ಸಮಸ್ಯೆಗಳು ಹಲವು ಇವೆ. ಜಾರಿದ ಡಿಸ್ಕ್. ತ್ರಿಕಾಸ್ಥಿ ಮತ್ತು ಸೊಂಟದ ಮೂಳೆಯ ನಡುವಿನ ಕೀಲಿನ ಉರಿಯೂತ. ತೊಡೆಕೀಲಿನ ಸವೆತ. ತೊಡೆಸಂದಿನ ಪುಡೆಂಡಲ್ ನರ ಸಿಕ್ಕಿಬೀಳುವುದು. ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್. ವಯಸ್ಸಾದವರಲ್ಲಿ ತ್ರಿಕಾಸ್ಥಿಯ ಸಣ್ಣ ಬಿರುಕು. ಸಕ್ಕರೆ ಕಾಯಿಲೆಯಿಂದ ಕೆಟ್ಟ ನರ. ಇವುಗಳಲ್ಲಿ ಕೆಲವಕ್ಕೆ ಸಿಸ್ಟ್ ಚಿಕಿತ್ಸೆಗಿಂತ ಸುಲಭವಾದ ಪರಿಹಾರ ಇದೆ. ಅದಕ್ಕೇ ಮೊದಲು ಇವು.

ನರಶಸ್ತ್ರವೈದ್ಯರ ಜೊತೆ ಸ್ತ್ರೀರೋಗ ತಜ್ಞರು ಅಥವಾ ಮೂತ್ರರೋಗ ತಜ್ಞರು ನೋಡಬೇಕಾಗಬಹುದು. ಮೂತ್ರದ ತೊಂದರೆ ಇದ್ದರೆ ಯೂರೋಡೈನಮಿಕ್ಸ್ ಎಂಬ ಪರೀಕ್ಷೆ ಮಾಡುತ್ತಾರೆ. ಮೂತ್ರಕೋಶ ಎಷ್ಟು ತುಂಬುತ್ತದೆ, ಎಷ್ಟು ಒತ್ತಡದಲ್ಲಿ ಖಾಲಿಯಾಗುತ್ತದೆ ಎಂದು ಅಳೆಯುವುದು ಅದು. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆಯೂ ಇದೆ. ಅದು ನಾರ್ಮಲ್ ಬಂದರೆ ನೋವು ಸುಳ್ಳು ಎಂದಾಗುವುದಿಲ್ಲ. ನೋವಿನ ಸಣ್ಣ ನರ ಎಳೆಗಳನ್ನು ಆ ಪರೀಕ್ಷೆ ಸರಿಯಾಗಿ ಹಿಡಿಯಲಾರದು.

ಉಲ್ಟಾ ತಪ್ಪೂ ಆಗುತ್ತದೆ. ದೊಡ್ಡ ಟಾರ್ಲೋವ್ ಸಿಸ್ಟ್ ಮೂಳೆಯಿಂದ ಮುಂದಕ್ಕೆ ಚಾಚಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಅಂಡಾಶಯದ ಗಡ್ಡೆಯಂತೆ ಕಾಣಬಹುದು. ನಿಮಗೆ ಈ ಸಿಸ್ಟ್ ಇದೆ ಎಂದು ಸ್ತ್ರೀರೋಗ ತಜ್ಞರಿಗೆ ಮೊದಲೇ ತಿಳಿಸಿ.

ಕೀಲುಗಳು ವಿಪರೀತ ಬಾಗುವುದು, ಚರ್ಮ ಹಿಗ್ಗುವುದು, ಮನೆಯಲ್ಲಿ ಮಾರ್ಫನ್ ಅಥವಾ ಎಹ್ಲರ್ಸ್-ಡಾನ್ಲೋಸ್ ಎಂಬ ಕಾಯಿಲೆ ಇರುವುದು, ಇಂಥದ್ದಿದ್ದರೆ ಅದನ್ನೂ ಹೇಳಿ. ಇವು ದೇಹದ ಅಂಗಾಂಶ ಸಡಿಲವಾಗಿರುವ ಕಾಯಿಲೆಗಳು. ಇವರಲ್ಲಿ ಪೊರೆ ತೆಳು, ಆಪರೇಷನ್ ಆದ ಮೇಲೆ ಸೋರುವ ಭಯ ಹೆಚ್ಚು.

5. ಸೂಜಿಯಿಲ್ಲದ ಚಿಕಿತ್ಸೆಗೆ ನಿಜವಾದ ಅವಕಾಶ ಕೊಡಿ

ಎರಡು ದಿನ ಮಾತ್ರೆ ನುಂಗಿ "ಆಗಲಿಲ್ಲ" ಎಂದರೆ ಪ್ರಯತ್ನಿಸಿದ ಹಾಗಾಗುವುದಿಲ್ಲ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ನಿಧಾನಕ್ಕೆ ಏರಿಸಿ, ಕೆಲವು ವಾರ ನೋಡಬೇಕಾದ ಔಷಧಗಳು. ಮಾಮೂಲಿ ನೋವಿನ ಮಾತ್ರೆಗಳು ನರದ ನೋವಿಗೆ ಅಷ್ಟು ಹತ್ತುವುದಿಲ್ಲ. ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಕೆಡಬಹುದು.

ಎಚ್ಚರಿಕೆ ಏನೇನು? ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ತಲೆಸುತ್ತು, ನಿದ್ದೆಮಂಪರು ತರುತ್ತವೆ. ಒಮ್ಮೆಲೇ ನಿಲ್ಲಿಸಬಾರದು. ಅಮಿಟ್ರಿಪ್ಟಿಲಿನ್ ಮಲಬದ್ಧತೆ ತರುತ್ತದೆ, ಮೂತ್ರ ಕಟ್ಟಿಸಬಹುದು. ಮೊದಲೇ ಮೂತ್ರದ ತೊಂದರೆ ಇರುವವರು ಇದನ್ನು ಹೇಳಲೇಬೇಕು. ಮಾರ್ಫಿನ್ ಜಾತಿಯ ಔಷಧಗಳಿಂದಲೂ ಮಲ ಗಟ್ಟಿಯಾಗುತ್ತದೆ. ಆಗ ಮುಕ್ಕಬೇಕು, ಮುಕ್ಕಿದರೆ ಸಿಸ್ಟ್ ಮೇಲಿನ ಒತ್ತಡ ಏರುತ್ತದೆ. ಸರಳ ಅನ್ನಿಸಬಹುದು, ಆದರೆ ಮಲ ಮೃದುವಾಗಿಟ್ಟುಕೊಳ್ಳುವುದೇ ಒಂದು ಚಿಕಿತ್ಸೆ.

ಕೂರುವ ಹೊತ್ತನ್ನು ತುಂಡು ಮಾಡಿ. ಬಾಲಮೂಳೆಯ ಕಡೆ ತೆರೆದಿರುವ ದಿಂಬು ಕೆಲವರಿಗೆ ಹಿತ. ಭಾರ ಎತ್ತುವುದನ್ನು ಕಡಿಮೆ ಮಾಡಿ. ಫಿಸಿಯೋಥೆರಪಿಗೆ ಹೋದರೆ ಸಿಸ್ಟ್ ಇರುವುದನ್ನು ಮೊದಲು ತಿಳಿಸಿ. ಬೆನ್ನನ್ನು ಜೋರಾಗಿ ತಿರುಚಿ ಲಟಿಕೆ ತೆಗೆಯುವುದು, ಎಳೆತ ಕೊಡುವುದು ಬೇಡ. ಸೊಂಟದ ತಳದ ಸ್ನಾಯುಗಳು, ಅಂದರೆ ಮೂತ್ರ ಹಿಡಿಯಲು ಬಿಗಿ ಮಾಡುವ ಸ್ನಾಯುಗಳು, ನೋವಿಗೆ ಹೆದರಿ ಸದಾ ಬಿಗಿಯಾಗಿರುವವರಿದ್ದಾರೆ. ಅಂಥವರಿಗೆ ಬಿಗಿ ಮಾಡುವ ವ್ಯಾಯಾಮ ನೋವನ್ನೇ ಹೆಚ್ಚಿಸುತ್ತದೆ. ಸಡಿಲ ಬಿಡುವುದನ್ನು ಕಲಿಯಬೇಕು. ಅದನ್ನೇ ಕಲಿಸುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ.

ಇನ್ನು ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್. ಬೆನ್ನುನೋವಿಗೆ ಇದನ್ನು ಬೇಗ ಸೂಚಿಸುವುದುಂಟು. ಬಾಲಮೂಳೆಯ ಹತ್ತಿರದ ತೂತಿನಿಂದ ಸೂಜಿ ಹಾಕುವ ವಿಧಾನದಲ್ಲಿ ದೊಡ್ಡ ಸಿಸ್ಟ್‌ಗೆ ಸೂಜಿ ತಾಗಿ ದ್ರವ ಸೋರುವ ಅಪಾಯ ಇದೆ. ಇಂಜೆಕ್ಷನ್ ಕೊಡುವವರು ನಿಮ್ಮ ಎಂಆರ್‌ಐ ಚಿತ್ರ ನೋಡಿದ್ದಾರಾ ಎಂದು ಕೇಳದೆ ಮಲಗಬೇಡಿ. ಹೆರಿಗೆ ಅಥವಾ ಬೇರೆ ಆಪರೇಷನ್‌ಗೆ ಬೆನ್ನಿಗೆ ಅರಿವಳಿಕೆ ಕೊಡುವಾಗಲೂ ಇದೇ ಮಾತು.

ಇಷ್ಟರಿಂದಲೇ ಬದುಕು ಸಾಗುವ ಮಟ್ಟಕ್ಕೆ ನೋವು ಇಳಿದರೆ ಇಲ್ಲೇ ನಿಲ್ಲಬಹುದು. ಸಿಸ್ಟ್ ಇದ್ದಲ್ಲೇ ಇರುತ್ತದೆ, ಇರಲಿ. ಅದನ್ನು ಇಲ್ಲವಾಗಿಸಲೇಬೇಕು ಎಂಬ ನಿಯಮ ಇಲ್ಲ.

6. "ಇದೇ ಕಾರಣ" ಎಂದು ಖಚಿತಪಡಿಸುವ ಪರೀಕ್ಷೆಗಳು

ನೋವು ಇಳಿಯಲಿಲ್ಲ, ನಕ್ಷೆಯೂ ಸಿಸ್ಟ್‌ಗೆ ಹೊಂದುತ್ತದೆ ಎಂದಾಗ ಮಾತ್ರ ಈ ಹಂತ.

ಒಂದು, ನರದ ಬ್ಲಾಕ್. ಸ್ಕ್ಯಾನ್ ನೋಡುತ್ತಾ ಆ ಒಂದು ನರದ ಸುತ್ತ ಸ್ವಲ್ಪ ಮರಗಟ್ಟಿಸುವ ಔಷಧ ಹಾಕುತ್ತಾರೆ. ನೋವು ಕೆಲವು ಗಂಟೆ ಹೋದರೆ, ನೋವು ಈ ನರದ ದಾರಿಯಲ್ಲೇ ಬರುತ್ತಿದೆ ಎಂದು ಗೊತ್ತಾಗುತ್ತದೆ. ಆದರೆ ಸಿಸ್ಟ್‌ನಿಂದಲೇ ಬರುತ್ತಿದೆ ಎಂದು ಅದು ಸಾಬೀತು ಮಾಡುವುದಿಲ್ಲ. ಅದೇ ನರಕ್ಕೆ ಸೇರಿದ ಬೇರೆ ಜಾಗದ ನೋವನ್ನೂ ಬ್ಲಾಕ್ ಮುಚ್ಚಿಬಿಡುತ್ತದೆ. ಈ ವ್ಯತ್ಯಾಸ ಮರೆತು ನೇರ ಆಪರೇಷನ್‌ಗೆ ಹೋದವರು ಆಮೇಲೆ ನಿರಾಶರಾಗುತ್ತಾರೆ.

ಎರಡು, ಸಿಟಿ ಮೈಲೋಗ್ರಾಮ್. ಬೆನ್ನಿನ ದ್ರವಕ್ಕೆ ಬಣ್ಣದಂಥ ಔಷಧ ಬೆರೆಸಿ ಸಿಟಿ ತೆಗೆಯುವುದು. ಬಣ್ಣ ಸಿಸ್ಟ್‌ಗೆ ತಕ್ಷಣ ತುಂಬುತ್ತದಾ, ತಡವಾಗಿ ತುಂಬುತ್ತದಾ ಎಂದು ನೋಡುತ್ತಾರೆ. ತಡವಾಗಿ ತುಂಬಿದರೆ ಬಾಯಿ ಕಿರಿದು, ವಾಲ್ವ್ ಥರ ಇದೆ. ತಕ್ಷಣ ತುಂಬಿದರೆ ಬಾಯಿ ಅಗಲ. ಮುಂದಿನ ಆಯ್ಕೆ ಇದರ ಮೇಲೆ ನಿಲ್ಲುತ್ತದೆ.

ಮೂರು, ಸಿಸ್ಟ್‌ನಿಂದ ದ್ರವ ಹೀರಿ ನೋಡುವುದು. ನೋವು ಇಳಿದು, ಚೀಲ ತುಂಬಿದಂತೆ ಮತ್ತೆ ಬಂದರೆ ಅದು ಬಲವಾದ ಸುಳಿವು. ಇದನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ. ಬರೀ ಹೀರಿದರೆ ಸಿಸ್ಟ್ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಎದ್ದು ಕೂತಾಗ ತಲೆನೋವು, ನರಕ್ಕೆ ಪೆಟ್ಟು, ಸೋಂಕು ಇವು ಇದರ ಅಪಾಯ.

7. ಫೈಬ್ರಿನ್ ಅಂಟಾ, ಆಪರೇಷನ್ನಾ?

ಮೊದಲೇ ನೇರವಾಗಿ ಹೇಳುತ್ತೇನೆ. ಯಾವುದು ಮೇಲು ಎಂದು ಎರಡು ಗುಂಪು ಮಾಡಿ ಹೋಲಿಸಿದ ದೊಡ್ಡ ಪ್ರಯೋಗಗಳ ಬಲ ಇಲ್ಲಿಲ್ಲ. ಇರುವುದು ಬಹುಪಾಲು ಒಂದೊಂದು ತಂಡ ತಾನು ಚಿಕಿತ್ಸೆ ಮಾಡಿದವರ ಬಗ್ಗೆ ಬರೆದ ವರದಿಗಳು. ಹಾಗಾಗಿ "ನೂರಕ್ಕೆ ನೂರು" ಎನ್ನುವವರಿಂದ ದೂರ ಇರಿ.

*ಹೀರಿ ಅಂಟು ತುಂಬುವುದು.* ಸಿಟಿ ಸ್ಕ್ಯಾನ್ ನೋಡುತ್ತಾ ಸಿಸ್ಟ್‌ಗೆ ಸೂಜಿ ಹಾಕಿ ದ್ರವ ಹೀರುತ್ತಾರೆ, ಆಮೇಲೆ ಫೈಬ್ರಿನ್ ತುಂಬುತ್ತಾರೆ. ರಕ್ತ ಹೆಪ್ಪುಗಟ್ಟಿಸುವ ವಸ್ತುವಿನಿಂದ ಮಾಡಿದ ಅಂಟು ಅದು. ಮೈ ಕೊಯ್ಯುವುದಿಲ್ಲ, ಬೇಗ ಮನೆಗೆ ಹೋಗಬಹುದು. 2016ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಹೀಗೆ ಚಿಕಿತ್ಸೆ ಪಡೆದ 213 ಜನರ ವಿವರ ಇದೆ. ವರ್ಷದ ನಂತರ ಹೆಚ್ಚಿನವರಿಗೆ ಸುಧಾರಣೆ ಕಂಡಿತ್ತು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು.

ಇದು ಹೊಂದುವುದು ಕಿರಿದಾದ ಬಾಯಿಯ ಸಿಸ್ಟ್‌ಗೆ. ಬಾಯಿ ಅಗಲ ಇದ್ದರೆ ಅಂಟು ಮೇಲಿನ ದ್ರವಕ್ಕೆ ನುಗ್ಗಿ ನರಗಳನ್ನು ಕೆರಳಿಸಬಹುದು, ಸೋಂಕಿಲ್ಲದ ಮೆನಿಂಜೈಟಿಸ್, ಅಂದರೆ ಪೊರೆಯ ಉರಿಯೂತ, ಬರಬಹುದು. ಕೆಲವು ಅಂಟುಗಳಲ್ಲಿ ಅಪ್ರೊಟಿನಿನ್ ಎಂಬ ವಸ್ತು ಇರುತ್ತದೆ. ಎರಡನೇ ಸಲ ಹಾಕಿದಾಗ ಅಲರ್ಜಿ ಆಗುವ ಭಯ ಜಾಸ್ತಿ. ಹಿಂದೆ ಯಾವುದೇ ಆಪರೇಷನ್‌ನಲ್ಲಿ ಇಂಥ ಅಂಟು ಬಳಸಿದ್ದರೆ ಹೇಳಿ. ಮೊದಲ ದಿನಗಳಲ್ಲಿ ನೋವು ಏರುವುದೂ ಉಂಟು. ಸಿಸ್ಟ್ ಮತ್ತೆ ತುಂಬಬಹುದು.

*ಆಪರೇಷನ್.* ತ್ರಿಕಾಸ್ಥಿಯ ಹಿಂದಿನ ಮೂಳೆಯನ್ನು ಸ್ವಲ್ಪ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಸಿಸ್ಟ್ ತೆರೆದು, ದ್ರವ ಬಿಟ್ಟು, ಸಡಿಲವಾದ ಗೋಡೆಯನ್ನು ಮಡಿಸಿ ಹೊಲಿಯುತ್ತಾರೆ. ಬಾಯಿಯ ಕಡೆ ಸ್ನಾಯು, ಕೊಬ್ಬು, ಅಂಟು ಇಟ್ಟು ಮತ್ತೆ ತುಂಬದಂತೆ ಬಿಗಿ ಮಾಡುವುದುಂಟು. ನರವನ್ನು ಉಳಿಸುವುದೇ ಇಲ್ಲಿನ ಮುಖ್ಯ ಕೆಲಸ. ಅದಕ್ಕಾಗಿ ಆಪರೇಷನ್ ನಡೆಯುವಾಗಲೇ ನರಗಳ ಸಂಕೇತ ಅಳೆಯುವ ಯಂತ್ರ ಬಳಸುತ್ತಾರೆ. ಅದು ಇರುತ್ತದಾ ಎಂದು ಕೇಳಿ.

ಸಿಸ್ಟ್ ದೊಡ್ಡದಿದ್ದು, ಮೂಳೆ ಸವೆದು, ಮೂತ್ರ ಅಥವಾ ಸ್ಪರ್ಶದ ತೊಂದರೆ ಹೆಚ್ಚುತ್ತಾ ಹೋಗುತ್ತಿದ್ದರೆ ಆಪರೇಷನ್ ಕಡೆಗೆ ತಕ್ಕಡಿ ವಾಲುತ್ತದೆ. ಬಹುಕಾಲ ಒತ್ತಿಹೋದ ನರ ಪೂರ್ತಿ ಚೇತರಿಸಿಕೊಳ್ಳದಿರಬಹುದು, ಹಾಗಾಗಿ ಇಂಥವರು ವರ್ಷಗಟ್ಟಲೆ ಮುಂದೂಡುವುದು ಒಳ್ಳೆಯದಲ್ಲ. ಬರೀ ನೋವಿದ್ದು, ನಕ್ಷೆ ಅರ್ಧಂಬರ್ಧ ಹೊಂದುತ್ತಿದ್ದರೆ ನಿಧಾನಿಸಿ.

ಅಪಾಯಗಳನ್ನು ಮೃದು ಮಾಡಿ ಹೇಳುವುದಿಲ್ಲ. ಗಾಯದಿಂದ ಬೆನ್ನಿನ ದ್ರವ ಸೋರಬಹುದು, ಮತ್ತೆ ಆಪರೇಷನ್ ಬೇಕಾಗಬಹುದು. ಸೋಂಕು ಆಗಬಹುದು. ಮೊದಲಿಲ್ಲದ ಮೂತ್ರ, ಮಲ, ಲೈಂಗಿಕ ತೊಂದರೆ ಹೊಸದಾಗಿ ಬರಬಹುದು. ನೋವು ಹಾಗೇ ಉಳಿಯಬಹುದು, ಹೆಚ್ಚಲೂಬಹುದು. ಸಿಸ್ಟ್ ಮರಳಬಹುದು. ಇವೆಲ್ಲ ಎಲ್ಲರಿಗೂ ಆಗುವುದಿಲ್ಲ, ಆದರೆ ಸಹಿ ಹಾಕುವ ಮೊದಲು ಎಲ್ಲವನ್ನೂ ಕೇಳಿಸಿಕೊಂಡಿರಬೇಕು.

ದ್ರವವನ್ನು ಹೊಟ್ಟೆಗೆ ಹರಿಸುವ ಕೊಳವೆ ಹಾಕುವ ವಿಧಾನವೂ ಇದೆ. ಅದು ಆಯ್ದ ಕೆಲವರಿಗೆ ಮಾತ್ರ. ಸಿಸ್ಟ್ ಮುಟ್ಟದೆ ನೋವಿನ ಸಂಕೇತವನ್ನೇ ತಗ್ಗಿಸುವ ನರಪ್ರಚೋದಕ ಯಂತ್ರವೂ ಆಪರೇಷನ್ ಬೇಡ ಎನ್ನುವವರಿಗೆ ಅಥವಾ ಅದಾದರೂ ನೋವು ಉಳಿದವರಿಗೆ ಒಂದು ದಾರಿ.

8. ಡಾಕ್ಟರಿಗೆ ಈ ಪ್ರಶ್ನೆಗಳನ್ನು ಕೇಳಿ

ಈ ಸಿಸ್ಟ್‌ಗಳ ಅನುಭವ ಎಲ್ಲ ಬೆನ್ನಿನ ಸರ್ಜನ್‌ಗಳಿಗೂ ಇರುವುದಿಲ್ಲ. ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

- ಟಾರ್ಲೋವ್ ಸಿಸ್ಟ್ ಆಪರೇಷನ್ ನೀವೇ ಎಷ್ಟು ಮಾಡಿದ್ದೀರಿ? ಅವರನ್ನು ಎಷ್ಟು ಕಾಲ ಗಮನಿಸಿದಿರಿ?
- ನನ್ನ ಯಾವ ಲಕ್ಷಣ ಕಡಿಮೆಯಾಗುವ ನಿರೀಕ್ಷೆ ಇದೆ? ಯಾವುದು ಹಾಗೇ ಉಳಿಯಬಹುದು?
- ನಿಮ್ಮಲ್ಲಿ ಎಷ್ಟು ಜನರಿಗೆ ದ್ರವ ಸೋರಿದೆ? ಎಷ್ಟು ಜನರಿಗೆ ಮತ್ತೆ ಮಾಡಬೇಕಾಯಿತು?
- ಹಲವು ಸಿಸ್ಟ್ ಇದ್ದರೆ ಯಾವುದನ್ನು ಮುಟ್ಟುತ್ತೀರಿ, ಯಾಕೆ ಅದನ್ನೇ?
- ಇನ್ನು ಆರು ತಿಂಗಳು ಕಾದರೆ ನಾನು ಏನು ಕಳೆದುಕೊಳ್ಳಬಹುದು?

ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. "ಏನೂ ಇಲ್ಲ" ಎಂದು ಉತ್ತರ ಬಂದರೆ ಅವಸರಕ್ಕೆ ಕಾರಣವಿಲ್ಲ.

"ಈ ಸಿಸ್ಟ್ ಯಾವತ್ತೂ ನೋಯಿಸಲ್ಲ" ಎನ್ನುವವರು ಸಿಕ್ಕರೆ ಜಗಳ ಬೇಡ. "ಹಾಗಾದರೆ ಈ ನಕ್ಷೆಯಲ್ಲಿರುವ ನೋವಿಗೆ ನೀವು ಯಾವ ಕಾರಣ ನೋಡ್ತೀರಿ?" ಎಂದು ನೋಟ್‌ಬುಕ್ ಮುಂದಿಡಿ. ಒಳ್ಳೆಯ ಕಾರಣ ಕೊಟ್ಟರೆ ಅದನ್ನು ಪರೀಕ್ಷಿಸಿ. ಸುಮ್ನೆ ತಳ್ಳಿಹಾಕಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಆಪರೇಷನ್ ಮಾಡುವವರನ್ನೂ ಮಾಡದ ನೋವು ತಜ್ಞರನ್ನೂ ಕೇಳುವುದು ಒಳ್ಳೆಯದು.

ತೀರ್ಮಾನಕ್ಕೆ ಮೊದಲು ಇನ್ನೊಂದು ಕೆಲಸ. ಏನಾದರೆ ಗೆದ್ದ ಹಾಗೆ ಎಂದು ಬರೆದಿಡಿ. "ಒಂದು ಗಂಟೆ ಕೂತು ಕೆಲಸ ಮಾಡುವಂತಾದರೆ ಸಾಕು", "ರಾತ್ರಿ ನಿದ್ದೆ ಬಂದರೆ ಸಾಕು" ಎಂಬಂತೆ. ನೋವು ಸೊನ್ನೆಗೆ ಇಳಿಯಬೇಕು ಎಂದು ಹೋದವರಿಗೆ ಅರ್ಧ ಇಳಿದರೂ ಸೋಲು ಅನ್ನಿಸುತ್ತದೆ. ಆ ಸಾಲನ್ನು ಡಾಕ್ಟರಿಗೆ ಓದಿ ಹೇಳಿ, ಇದು ಸಾಧ್ಯವಾ ಎಂದು ಕೇಳಿ. ಮನೆಯವರೂ ಜೊತೆಗಿರಲಿ. ಆಮೇಲಿನ ವಾರಗಳಲ್ಲಿ ಆಸರೆ ಬೇಕಾಗುವುದು ಅವರದೇ.

9. ತೀರ್ಮಾನದ ನಂತರ

ಕಾಯುವುದು ಎಂದು ನಿರ್ಧರಿಸಿದರೆ, ಮುಂದಿನ ಭೇಟಿಯ ದಿನ ಗೊತ್ತು ಮಾಡಿಕೊಂಡೇ ಬನ್ನಿ. ಲಕ್ಷಣ ಬದಲಾಗದಿದ್ದರೆ ಪದೇ ಪದೇ ಸ್ಕ್ಯಾನ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬದಲಾದರೆ ಮಾಡಿಸಿ. ನೋಟ್‌ಬುಕ್ ಮಾತ್ರ ಮುಂದುವರಿಸಿ, ತಿಂಗಳಿಗೊಮ್ಮೆ ಒಂದೆರಡು ಸಾಲು ಸಾಕು.

ಆಪರೇಷನ್ ಆಗಿದ್ದರೆ ಮೊದಲ ದಿನಗಳಲ್ಲಿ ಮಲಗಿರಲು ಹೇಳಬಹುದು. ಕೂರುವುದು, ಬಗ್ಗುವುದು, ಭಾರ ಎತ್ತುವುದು ಕೆಲವು ವಾರ ಕಷ್ಟ. ಎದ್ದರೆ ಹೆಚ್ಚಿ ಮಲಗಿದರೆ ಇಳಿಯುವ ತಲೆನೋವು, ಗಾಯದಿಂದ ತಿಳಿನೀರು, ಜ್ವರ, ಕುತ್ತಿಗೆ ಬಿಗಿತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಬಂದರೂ ಮುಂದಿನ ಭೇಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ತಿಳಿಸಿ.

ನರ ಬಲು ನಿಧಾನಕ್ಕೆ ವಾಸಿಯಾಗುತ್ತದೆ. ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ನಡುವೆ ಒಳ್ಳೆಯ ವಾರ, ಕೆಟ್ಟ ವಾರ ಬಂದು ಹೋಗುತ್ತವೆ. ನರದ ಮಾತ್ರೆಗಳನ್ನು ಆಪರೇಷನ್ ಆಯಿತು ಎಂದು ನೀವೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದ ಕ್ರಮದಲ್ಲಿ ಇಳಿಸಿ. ಆಮೇಲೆ ತೆಗೆದ ಎಂಆರ್‌ಐನಲ್ಲಿ ಚೀಲ ಇನ್ನೂ ಕಂಡರೆ ಎದೆಗುಂದಬೇಡಿ. ನೋವು ಇಳಿದಿದ್ದು ಚಿತ್ರದಲ್ಲಿ ಚೀಲ ಉಳಿದಿರುವುದು ಉಂಟು. ಆಗ ನೋಡಬೇಕಾದ್ದು ನೀವು ಮೊದಲೇ ಬರೆದಿಟ್ಟ ಆ ಸಾಲನ್ನು: ಎಷ್ಟು ಹೊತ್ತು ಕೂರಲು ಆಗುತ್ತಿದೆ, ನಿದ್ದೆ ಬರುತ್ತಿದೆಯಾ, ಮೂತ್ರ ಸಲೀಸಾಗಿದೆಯಾ.